ಸಮಾಜ ಕಾರ್ಯಕರ್ತರು ವಿಧಾನಸಭೆಗೆ ಸ್ಪರ್ಧಿಸಿದಾಗ: ದೇಣಿಗೆ, ಲೆಕ್ಕಪತ್ರ ಮತ್ತು ವರ್ತಕರ ಹೊಣೆ

ರಾಜ್ಯ ವಿಧಾನಸಭೆಯ ಪ್ರತಿಯೊಂದು ಸಾರ್ವತ್ರಿಕ ಚುನಾವಣೆಯಲ್ಲಿಯೂ ದೊಡ್ಡ ಪಕ್ಷಗಳ ಅಧಿಕೃತ ಅಭ್ಯರ್ಥಿಗಳ ಜೊತೆಗೆ ಮತ್ತೊಂದು ಬಗೆಯ ಅಭ್ಯರ್ಥಿಯೂ ಕಣದಲ್ಲಿ ಕಾಣಿಸಿಕೊಳ್ಳುವುದುಂಟು. ಊರಿನ ಕೆರೆಯ ಒತ್ತುವರಿ ತೆರವಿಗಾಗಿ ಕಚೇರಿಗಳಿಗೆ ಅಲೆದವರು, ಕಬ್ಬಿನ ಬಾಕಿಗಾಗಿ ಧರಣಿ ಕುಳಿತವರು, ಕೈಗಾರಿಕಾ ವಸಾಹತುವಿನ ರಸ್ತೆ ಮತ್ತು ಕುಡಿಯುವ ನೀರಿಗಾಗಿ ಮನವಿ ಹಿಡಿದು ನಿಂತವರು ಈ ಗುಂಪಿಗೆ ಸೇರುತ್ತಾರೆ. ಇವರ ಹಿಂದೆ ಪಕ್ಷದ ಬೊಕ್ಕಸವಿಲ್ಲ. ಆದುದರಿಂದ ಇವರು ಮೊದಲು ಬರುವುದು ಪೇಟೆ ಬೀದಿಗೆ. ವರ್ತಕರಾದರೂ ಇವರನ್ನು ಬರಿಗೈಯಲ್ಲಿ ಕಳುಹಿಸುವುದಿಲ್ಲ. ಒಬ್ಬರು ಗಲ್ಲಾಪೆಟ್ಟಿಗೆಯಿಂದ ನಗದು ಕೊಡುತ್ತಾರೆ, ಇನ್ನೊಬ್ಬರು ಕರಪತ್ರದ ಬಿಲ್ಲು ತಮ್ಮ ಹೆಸರಿಗೇ ಇರಲಿ ಎನ್ನುತ್ತಾರೆ, ಮತ್ತೊಬ್ಬರು ತಮ್ಮ ಸರಕು ವಾಹನವನ್ನು ಹತ್ತು ದಿನ ಬಿಟ್ಟುಕೊಡುತ್ತಾರೆ. ಸದುದ್ದೇಶದಿಂದ ಮಾಡಿದ ಈ ಉಪಕಾರಗಳಲ್ಲಿ ಕೆಲವು ಅಭ್ಯರ್ಥಿಯನ್ನು ಅನರ್ಹಗೊಳಿಸಬಲ್ಲವು, ಇನ್ನು ಕೆಲವು ಕೊಟ್ಟವರನ್ನೇ ಆರೋಪಿಯ ಸ್ಥಾನದಲ್ಲಿ ನಿಲ್ಲಿಸಬಲ್ಲವು ಎಂಬುದು ಅನೇಕರಿಗೆ ತಿಳಿಯದು.

ಜನರಿಂದಲೇ ಹಣವೆತ್ತಿ ಜನರ ಪ್ರತಿನಿಧಿಯಾಗುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಪರವಾಗಿ ದುಡಿದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಮರುವರ್ಷವೇ, ಅಂದರೆ 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ, ಸಾಗರ-ಹೊಸನಗರ ಕ್ಷೇತ್ರದಿಂದ ಮೈಸೂರು ವಿಧಾನಸಭೆಗೆ ಆಯ್ಕೆಯಾದರು. ‘ಒಂದು ಓಟು, ಒಂದು ನೋಟು’ ಎಂಬ ಮಾತು ಅವರ ಚುನಾವಣೆಯೊಡನೆ ಬೆಸೆದುಕೊಂಡು ಇಂದಿಗೂ ಮಲೆನಾಡಿನಲ್ಲಿ ಉಳಿದಿದೆ. ಅನಂತರದ ಕಾಲದಲ್ಲಿ ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದಲೂ 2013ರಲ್ಲಿ ಮೇಲುಕೋಟೆಯಿಂದಲೂ ಗೆದ್ದು ಬಂದರು. ಅವರೂ ಹಳ್ಳಿಗಳಲ್ಲಿ ಮತದ ಜೊತೆಗೆ ದೇಣಿಗೆಯನ್ನೂ ಕೇಳುತ್ತಿದ್ದವರು. 2018ರ ಫೆಬ್ರವರಿಯಲ್ಲಿ ಅವರು ನಿಧನರಾದ ಮೇಲೆ ಪುತ್ರ ದರ್ಶನ್ ಅದೇ ವರ್ಷ ಸ್ಪರ್ಧಿಸಿ ಸೋತರು, 2023ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಗೆದ್ದರು. ಗೋಪಾಲಗೌಡರ ಕಾಲದಲ್ಲಿ ವಿಧಾನಸಭಾ ಅಭ್ಯರ್ಥಿಯ ಠೇವಣಿ 250 ರೂಪಾಯಿ. ಅಂದು ಒಂದು ನೋಟಿಗೆ ರಸೀದಿ ಕೊಡದಿದ್ದರೂ ನಡೆಯುತ್ತಿತ್ತು. ಇಂದು ನಡೆಯದು.

ಮಿತಿ ಯಾರಿಗೆ, ವಿನಾಯಿತಿ ಯಾರಿಗೆ

1951ರ ಪ್ರಜಾಪ್ರತಿನಿಧಿ ಕಾಯಿದೆಯ 77ನೆಯ ಕಲಮಿನ ಪ್ರಕಾರ ಪ್ರತಿಯೊಬ್ಬ ಅಭ್ಯರ್ಥಿಯೂ ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶ ಘೋಷಣೆಯ ದಿನದವರೆಗೆ, ಎರಡೂ ದಿನಗಳನ್ನು ಸೇರಿಸಿ, ತಾನು ಅಥವಾ ತನ್ನ ಚುನಾವಣಾ ಏಜೆಂಟರು ಮಾಡಿದ ಇಲ್ಲವೇ ಮಾಡಲು ಒಪ್ಪಿಗೆಯಿತ್ತ ಎಲ್ಲ ವೆಚ್ಚಕ್ಕೂ ಪ್ರತ್ಯೇಕ ಲೆಕ್ಕವಿಡತಕ್ಕದ್ದು. ಕರ್ನಾಟಕದಂತಹ ದೊಡ್ಡ ರಾಜ್ಯಗಳಲ್ಲಿ ವಿಧಾನಸಭಾ ಕ್ಷೇತ್ರವೊಂದರ ವೆಚ್ಚದ ಮಿತಿ 2014ರಲ್ಲಿ 28 ಲಕ್ಷ ರೂಪಾಯಿಗೆ ಏರಿತು. 2022ರ ಜನವರಿಯಲ್ಲಿ ಅದನ್ನು 40 ಲಕ್ಷಕ್ಕೆ ಏರಿಸಲಾಯಿತು. ಈ ಮಿತಿಯನ್ನು ಮೀರುವುದು 123ನೆಯ ಕಲಮಿನ 6ನೆಯ ಉಪಕಲಮಿನಡಿ ಭ್ರಷ್ಟ ಆಚರಣೆಯೆನಿಸುತ್ತದೆ. ಉಚ್ಚ ನ್ಯಾಯಾಲಯದಲ್ಲಿ ಅದು ಸಾಬೀತಾದರೆ ಗೆದ್ದವರ ಆಯ್ಕೆಯೇ ರದ್ದಾಗುತ್ತದೆ.

ಮೇಲ್ನೋಟಕ್ಕೆ ಈ ಮಿತಿ ಬಡ ಅಭ್ಯರ್ಥಿಯ ರಕ್ಷಣೆಗೆಂದೇ ಇದ್ದಂತೆ ತೋರುತ್ತದೆ. ಆದರೆ ರಾಜಕೀಯ ಪಕ್ಷ ತನ್ನ ಹೆಸರಿನಲ್ಲಿ ಮಾಡುವ ಸಾಮಾನ್ಯ ಪ್ರಚಾರದ ವೆಚ್ಚಕ್ಕೆ ಮಿತಿಯೇ ಇಲ್ಲ. 1974ರಲ್ಲಿ ಕನ್ವರ್ ಲಾಲ್ ಗುಪ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಭ್ಯರ್ಥಿಗಾಗಿ ಪಕ್ಷ ಮಾಡಿದ ವೆಚ್ಚವನ್ನೂ ಅಭ್ಯರ್ಥಿಯ ಲೆಕ್ಕಕ್ಕೆ ಸೇರಿಸಬೇಕೆಂದು ತೀರ್ಪಿತ್ತಿತು. ಅದೇ ವರ್ಷ ಕಾಯಿದೆಗೆ ವಿವರಣೆಯೊಂದನ್ನು ಜೋಡಿಸಿ ಆ ತೀರ್ಪಿನ ಪರಿಣಾಮವನ್ನು ಇಲ್ಲವಾಗಿಸಲಾಯಿತು. 2003ರ ತಿದ್ದುಪಡಿಯು ಈ ವಿನಾಯಿತಿಯನ್ನು ತಾರಾ ಪ್ರಚಾರಕರ ಪ್ರಯಾಣ ವೆಚ್ಚಕ್ಕಷ್ಟೇ ಸೀಮಿತಗೊಳಿಸಿತಾದರೂ ಅಸಮಾನತೆ ಉಳಿಯಿತು. ಮಾನ್ಯತೆ ಪಡೆದ ಪಕ್ಷ 40 ಮಂದಿ ತಾರಾ ಪ್ರಚಾರಕರನ್ನು, ಮಾನ್ಯತೆಯಿಲ್ಲದ ನೋಂದಾಯಿತ ಪಕ್ಷ 20 ಮಂದಿಯನ್ನು ಹೆಸರಿಸಬಹುದು. ಪಕ್ಷೇತರರಿಗೆ ಒಬ್ಬರೂ ಇಲ್ಲ. ಪಕ್ಷೇತರನ ಪರವಾಗಿ ಮಾತನಾಡಲು ಸಾಹಿತಿಯೊಬ್ಬರು ಬೆಂಗಳೂರಿನಿಂದ ಕಾರಿನಲ್ಲಿ ಬಂದರೆ ಆ ಕಾರಿನ ಬಾಡಿಗೆ ಅಭ್ಯರ್ಥಿಯ ಲೆಕ್ಕಕ್ಕೆ. ಪಕ್ಷದ ನಾಯಕರೊಬ್ಬರು ಹೆಲಿಕಾಪ್ಟರಿನಲ್ಲಿ ಬಂದಿಳಿದರೆ ಅದು ಯಾವ ಅಭ್ಯರ್ಥಿಯ ಲೆಕ್ಕಕ್ಕೂ ಇಲ್ಲ. ಮತದಾರರ ಪಟ್ಟಿಯನ್ನು ಉಚಿತವಾಗಿ ಒದಗಿಸುವ ನಿಯಮವೂ ಮಾನ್ಯತೆ ಪಡೆದ ಪಕ್ಷಗಳ ಅಭ್ಯರ್ಥಿಗಳನ್ನಷ್ಟೇ ಕುರಿತದ್ದು. ಸಣ್ಣವರಿಗೆ ಪ್ರತಿ ರೂಪಾಯಿಗೂ ಲೆಕ್ಕ, ದೊಡ್ಡವರಿಗೆ ಹೆಚ್ಚಿನದಕ್ಕೆ ವಿನಾಯಿತಿ ಎಂಬ ಈ ಏರ್ಪಾಡನ್ನು ನ್ಯಾಯವೆನ್ನಲಾಗದು. ಆದರೆ ಅದು ಇರುವವರೆಗೆ ಸಮಾಜ ಕಾರ್ಯಕರ್ತರೂ ಅವರಿಗೆ ನೆರವಾಗುವ ವರ್ತಕರೂ ಅದರೊಳಗೇ ನಡೆಯಬೇಕಾಗಿದೆ.

ನಾಮಪತ್ರದ ಹಂತದಲ್ಲಿಯೇ ಈ ಅಂತರ ಆರಂಭವಾಗುತ್ತದೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕರು ಸಾಕು; ಉಳಿದವರಿಗೆ ಅದೇ ಕ್ಷೇತ್ರದ ಹತ್ತು ಮಂದಿ ಮತದಾರರು ಬೇಕು. ಠೇವಣಿ 2010ರಿಂದ 10,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅದರ ಅರ್ಧ. ಸೋತ ಅಭ್ಯರ್ಥಿಗೆ ಸಿಂಧು ಮತಗಳ ಆರನೆಯ ಒಂದು ಭಾಗಕ್ಕಿಂತ ಹೆಚ್ಚು ಬರದಿದ್ದರೆ ಅದು ಮುಟ್ಟುಗೋಲು. ಹೋರಾಟದ ಕೀರ್ತಿಯೊಂದೇ ಇಲ್ಲಿ ರಕ್ಷಣೆಯಲ್ಲ. ಮಣಿಪುರದಲ್ಲಿ ಹದಿನಾರು ವರ್ಷ ಉಪವಾಸ ನಡೆಸಿದ ಇರೋಮ್ ಶರ್ಮಿಳಾ 2017ರಲ್ಲಿ ಥೌಬಾಲ್ ಕ್ಷೇತ್ರದಲ್ಲಿ ಅಂದಿನ ಮುಖ್ಯಮಂತ್ರಿಯ ಎದುರು ನಿಂತಾಗ ಅವರಿಗೆ ದೊರೆತದ್ದು 90 ಮತಗಳು.

ಪ್ರಮಾಣಪತ್ರದ ವಿಷಯದಲ್ಲಿ ಚಳವಳಿಗಾರರಿಗೆ ವಿಶೇಷವಾದ ಒಂದು ಹೊರೆಯುಂಟು. ನಮೂನೆ 26ರಲ್ಲಿ ಆಸ್ತಿ ಮತ್ತು ಸಾಲಗಳ ಜೊತೆಗೆ ಬಾಕಿಯಿರುವ ಕ್ರಿಮಿನಲ್ ಪ್ರಕರಣಗಳನ್ನೂ ಘೋಷಿಸಬೇಕು. ರಸ್ತೆ ತಡೆ, ನಿಷೇಧಾಜ್ಞೆಯ ಉಲ್ಲಂಘನೆ, ಕಚೇರಿಗೆ ಮುತ್ತಿಗೆ ಮೊದಲಾದ ಪ್ರಕರಣಗಳು ಹೋರಾಟಗಾರರ ಹೆಸರಿನಲ್ಲಿ ಇರುವುದು ಸಹಜ. 2018ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನ ನಂತರ ಇಂತಹ ಪ್ರಕರಣಗಳ ವಿವರವನ್ನು ಪ್ರಚಾರದ ಅವಧಿಯಲ್ಲಿ ಮೂರು ಬಾರಿ ಪತ್ರಿಕೆ ಮತ್ತು ದೂರದರ್ಶನ ವಾಹಿನಿಗಳಲ್ಲಿ ಪ್ರಕಟಿಸಬೇಕಾಗಿದೆ. ಆ ಜಾಹೀರಾತಿನ ಖರ್ಚು ಅಭ್ಯರ್ಥಿಯದೇ, ಮತ್ತು ಅದು ಚುನಾವಣಾ ವೆಚ್ಚದ ಲೆಕ್ಕಕ್ಕೇ ಸೇರುತ್ತದೆ. ಮುಂಗಡಪತ್ರ ತಯಾರಿಸುವಾಗ ಈ ಬಾಬನ್ನು ಮರೆಯುವವರೇ ಹೆಚ್ಚು.

ಮೂರು ಬಣ್ಣದ ಪುಸ್ತಕ

ನಾಮಪತ್ರ ಸಲ್ಲಿಸುವುದಕ್ಕೆ ಕನಿಷ್ಠ ಒಂದು ದಿನ ಮೊದಲು ಅಭ್ಯರ್ಥಿಯು ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯತಕ್ಕದ್ದು. ಸ್ವಂತ ಹಣವಾಗಲಿ, ದೇಣಿಗೆಯಾಗಲಿ, ಸಾಲವಾಗಲಿ ಮೊದಲು ಆ ಖಾತೆಗೆ ಜಮೆಯಾಗಿ ಅಲ್ಲಿಂದಲೇ ಖರ್ಚಾಗಬೇಕು. ಇಡೀ ಚುನಾವಣೆಯಲ್ಲಿ ಒಬ್ಬ ವ್ಯಕ್ತಿಗೆ ಅಥವಾ ಸಂಸ್ಥೆಗೆ ನಗದಾಗಿ ಕೊಡಬಹುದಾದ ಮೊತ್ತದ ಮಿತಿಯನ್ನು ಚುನಾವಣಾ ಆಯೋಗವು 2018ರ ನವೆಂಬರಿನಲ್ಲಿ 20,000ದಿಂದ 10,000 ರೂಪಾಯಿಗೆ ಇಳಿಸಿತು. ಒಬ್ಬರಿಂದ ನಗದಾಗಿ ಪಡೆಯುವ ದೇಣಿಗೆಗೂ ಇದೇ 10,000ದ ಗೆರೆ. ಲೆಕ್ಕದ ಪುಸ್ತಕದಲ್ಲಿ ಬಿಳಿ, ಗುಲಾಬಿ ಮತ್ತು ಹಳದಿ ಹಾಳೆಗಳಿರುತ್ತವೆ; ಕ್ರಮವಾಗಿ ದೈನಂದಿನ ವೆಚ್ಚ, ನಗದು ಮತ್ತು ಬ್ಯಾಂಕ್ ವ್ಯವಹಾರಕ್ಕೆ. ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಬಾರಿ ಇದನ್ನು ತಪಾಸಣೆಗೆ ಒಪ್ಪಿಸಬೇಕು. ಇದಕ್ಕೆ ಸಮಾನಾಂತರವಾಗಿ ಅಧಿಕಾರಿಗಳೂ ವೀಡಿಯೋ ಚಿತ್ರೀಕರಣದ ಆಧಾರದಿಂದ ನೆರಳು ಲೆಕ್ಕವೊಂದನ್ನು ಬರೆದಿಟ್ಟಿರುತ್ತಾರೆ. ಸಭೆಯಲ್ಲಿ 500 ಕುರ್ಚಿಗಳಿದ್ದು ಪುಸ್ತಕದಲ್ಲಿ 200 ಎಂದಿದ್ದರೆ ನೋಟೀಸು ಬರುವುದು ಖಚಿತ. ಕುರ್ಚಿ, ಶಾಮಿಯಾನ, ಧ್ವನಿವರ್ಧಕ, ಚಹಾ, ವಾಹನ ಎಲ್ಲಕ್ಕೂ ಜಿಲ್ಲಾ ಚುನಾವಣಾಧಿಕಾರಿಗಳು ದರಪಟ್ಟಿ ಪ್ರಕಟಿಸುತ್ತಾರೆ; ಅದಕ್ಕಿಂತ ಕಡಿಮೆ ದರ ತೋರಿಸಿದರೆ ಪಟ್ಟಿಯ ದರವನ್ನೇ ಹಿಡಿಯಲಾಗುತ್ತದೆ.

ಫಲಿತಾಂಶ ಘೋಷಣೆಯಾದ 30 ದಿನಗಳೊಳಗೆ 78ನೆಯ ಕಲಮಿನಂತೆ ಪೂರ್ಣ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಸಲ್ಲಿಸಬೇಕು. ಸೋತವರು ಮನೆಗೆ ಹೋಗಿ ಇದನ್ನು ಮರೆಯುತ್ತಾರೆ. ಸಕಾರಣವಿಲ್ಲದೆ ಲೆಕ್ಕ ಸಲ್ಲಿಸದಿದ್ದರೆ ಅಥವಾ ಕ್ರಮಬದ್ಧವಾಗಿ ಸಲ್ಲಿಸದಿದ್ದರೆ 10ಎ ಕಲಮಿನಡಿ ಮೂರು ವರ್ಷ ಅನರ್ಹತೆ.

ಈ 10ಎ ಕಲಮಿನ ವ್ಯಾಪ್ತಿಯನ್ನು ನಿರ್ಧರಿಸಿದ ಮುಖ್ಯ ತೀರ್ಪು ಮಂಡ್ಯ ಜಿಲ್ಲೆಯ ನಾಗಮಂಗಲ ಕ್ಷೇತ್ರದಿಂದ ಬಂದದ್ದು. 1989ರಲ್ಲಿ ಅಲ್ಲಿಂದ ಪಕ್ಷೇತರರಾಗಿ ಗೆದ್ದ ಎಲ್.ಆರ್. ಶಿವರಾಮೇಗೌಡರ ಪ್ರಕರಣದಲ್ಲಿ 1998ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎರಡು ವಿಷಯಗಳನ್ನು ಬೇರ್ಪಡಿಸಿತು. ವೆಚ್ಚದ ಮಿತಿಯನ್ನು ಮೀರುವುದು ಭ್ರಷ್ಟ ಆಚರಣೆ. ಆದರೆ ಲೆಕ್ಕವನ್ನು ಸರಿಯಾಗಿ ಇಡದಿರುವುದು ಮಾತ್ರವೇ ಭ್ರಷ್ಟ ಆಚರಣೆಯಲ್ಲ, ಅದೊಂದರಿಂದ ಆಯ್ಕೆ ರದ್ದಾಗುವುದಿಲ್ಲ. ಹಾಗೆಂದು ನಿಶ್ಚಿಂತರಾಗುವಂತಿಲ್ಲ. ಸಲ್ಲಿಸಿದ ಲೆಕ್ಕ ನಿಜವೇ ಎಂದು ವಿಚಾರಿಸುವ ಅಧಿಕಾರ ಆಯೋಗಕ್ಕಿದೆಯೆಂದು ಅದೇ ತೀರ್ಪು ಹೇಳಿತು. ಈ ಅಧಿಕಾರವನ್ನು ಆಯೋಗ ಬಳಸಿಯೂ ಇದೆ. ಉತ್ತರ ಪ್ರದೇಶದ ಬಿಸೌಲಿ ಕ್ಷೇತ್ರದಿಂದ 2007ರಲ್ಲಿ ಗೆದ್ದಿದ್ದ ಶಾಸಕಿ ಉಮ್ಲೇಶ್ ಯಾದವ್ ಅವರು ಸುದ್ದಿಯ ರೂಪದಲ್ಲಿ ಪ್ರಕಟವಾದ ಜಾಹೀರಾತಿನ ವೆಚ್ಚವನ್ನು ಲೆಕ್ಕದಲ್ಲಿ ತೋರಿಸಲಿಲ್ಲವೆಂದು 2011ರ ಅಕ್ಟೋಬರಿನಲ್ಲಿ ಮೂರು ವರ್ಷಗಳಿಗೆ ಅನರ್ಹರಾದರು.

ಹಿತೈಷಿಯ ಖರ್ಚು ಎಂಬುದಿಲ್ಲ

ವರ್ತಕರು ಬಹುವಾಗಿ ತಪ್ಪುವುದು ಇಲ್ಲಿಯೇ. ‘ಅಭ್ಯರ್ಥಿಗೆ ನಾನು ಹಣ ಕೊಟ್ಟಿಲ್ಲ, ಬ್ಯಾನರು ಮಾಡಿಸಿ ಕಟ್ಟಿದ್ದು ನನ್ನ ಇಷ್ಟ’ ಎಂಬ ಸಮಾಧಾನವನ್ನು ಕಾಯಿದೆ ಒಪ್ಪುವುದಿಲ್ಲ. ಹಿತೈಷಿಯ ಖರ್ಚು ಅಭ್ಯರ್ಥಿಯ ಒಪ್ಪಿಗೆಯಿಂದ ಆಗಿದ್ದರೆ ಅದು ಅಭ್ಯರ್ಥಿಯ ಲೆಕ್ಕಕ್ಕೆ ಸೇರಲೇಬೇಕು. ಅಭ್ಯರ್ಥಿಯ ಲಿಖಿತ ಅಧಿಕಾರವಿಲ್ಲದೆ ಆಗಿದ್ದರೆ ಖರ್ಚು ಮಾಡಿದವರೇ ಅಪರಾಧಿ. ಭಾರತೀಯ ದಂಡ ಸಂಹಿತೆಯ 171ಎಚ್ ಕಲಮಿನಲ್ಲಿ ಇದಕ್ಕೆ 500 ರೂಪಾಯಿವರೆಗಿನ ದಂಡವಿತ್ತು; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 176ನೆಯ ಕಲಂ ಅದನ್ನು 10,000 ರೂಪಾಯಿವರೆಗೆ ಏರಿಸಿದೆ. ಅನುಮತಿಯಿಲ್ಲದೆ ಮಾಡಿದ ಖರ್ಚು ಹತ್ತು ರೂಪಾಯಿ ಮೀರದಿದ್ದು, ಹತ್ತು ದಿನಗಳೊಳಗೆ ಅಭ್ಯರ್ಥಿಯ ಲಿಖಿತ ಒಪ್ಪಿಗೆ ಪಡೆದರೆ ಅಪರಾಧವಲ್ಲವೆಂಬ ಹಳೆಯ ರಿಯಾಯಿತಿ ಮಾತ್ರ ಹೊಸ ಸಂಹಿತೆಯಲ್ಲಿಯೂ ಹಾಗೆಯೇ ಕುಳಿತಿದೆ! ಹತ್ತು ರೂಪಾಯಿಗೆ ಇಂದು ಒಂದು ಲೋಟ ಚಹಾ ದೊರೆತರೆ ಪುಣ್ಯ.

ವಸ್ತುರೂಪದ ನೆರವಿಗೂ ಇದೇ ನಿಯಮ. ವರ್ತಕರೊಬ್ಬರು ತಮ್ಮ ವಾಹನವನ್ನು ಹತ್ತು ದಿನ ಉಚಿತವಾಗಿ ಕೊಟ್ಟರೆಂದೂ ದರಪಟ್ಟಿಯಲ್ಲಿ ಆ ವಾಹನಕ್ಕೆ ದಿನಕ್ಕೆ 2,000 ರೂಪಾಯಿ ಇದೆಯೆಂದೂ ಭಾವಿಸೋಣ. ಅಭ್ಯರ್ಥಿಯು 20,000 ರೂಪಾಯಿಗಳನ್ನು ದೇಣಿಗೆಯೆಂದು ಜಮೆಗೂ ವಾಹನ ವೆಚ್ಚವೆಂದು ಖರ್ಚಿಗೂ ಬರೆಯಬೇಕು. ವಾಹನಕ್ಕೆ ಚುನಾವಣಾಧಿಕಾರಿಯ ಅನುಮತಿ ಪತ್ರವಿರಬೇಕು. ಕೊಟ್ಟವರು ಒಂದು ಪತ್ರ ಬರೆದು ಅದರ ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳುವುದು ಕ್ಷೇಮ.

ಮುದ್ರಣಾಲಯಗಳ ಮಾಲೀಕರು 127ಎ ಕಲಮನ್ನು ಗಮನಿಸತಕ್ಕದ್ದು. ಚುನಾವಣಾ ಕರಪತ್ರ, ಭಿತ್ತಿಪತ್ರಗಳ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಮುದ್ರಣಕ್ಕೆ ಮೊದಲು, ಪ್ರಕಾಶಕರು ಸಹಿ ಮಾಡಿ ಅವರನ್ನು ಬಲ್ಲ ಇಬ್ಬರು ದೃಢೀಕರಿಸಿದ ಘೋಷಣೆಯನ್ನು ಪಡೆಯಬೇಕು. ಮುದ್ರಿಸಿದ ಮೇಲೆ ಘೋಷಣೆಯ ಪ್ರತಿಯನ್ನೂ ಮುದ್ರಿತ ಪ್ರತಿಯನ್ನೂ ಜಿಲ್ಲಾ ದಂಡಾಧಿಕಾರಿಗೆ ಕಳುಹಿಸಬೇಕು. ರಾಜಧಾನಿಯಲ್ಲಿ ಮುದ್ರಿಸಿದ್ದಾದರೆ ಮುಖ್ಯ ಚುನಾವಣಾಧಿಕಾರಿಗೆ. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪರಿಚಯದ ಹೋರಾಟಗಾರರೆಂದು ಬಾಯಿಮಾತಿನ ಮೇಲೆ ಐದು ಸಾವಿರ ಕರಪತ್ರ ಅಚ್ಚು ಹಾಕಿಕೊಡುವ ಸಣ್ಣ ಪ್ರೆಸ್ಸುಗಳು ಈ ಅಪಾಯವನ್ನು ಅರಿಯದೆಯೇ ಹೊತ್ತುಕೊಳ್ಳುತ್ತವೆ.

ತೆರಿಗೆಯ ದೃಷ್ಟಿ

ಆದಾಯ ತೆರಿಗೆಯಲ್ಲಿ ವರ್ತಕರಿಗೆ ಪರಿಚಿತವಾದ 1961ರ ಕಾಯಿದೆಯ ಕಲಮುಗಳನ್ನೇ ಇಲ್ಲಿ ಹೇಳಲಾಗಿದೆ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯಿದೆಯಲ್ಲಿ ಸಂಖ್ಯೆಗಳು ಬೇರೆ. ರಾಜಕೀಯ ದೇಣಿಗೆಗೆ ಕಂಪನಿಗಳಿಗೆ 80ಜಿಜಿಬಿ, ಇತರರಿಗೆ 80ಜಿಜಿಸಿ ಕಲಮಿನಡಿ ಪೂರ್ಣ ಕಡಿತ ದೊರೆಯುತ್ತದೆ. ಆದರೆ ಅದು ನೋಂದಾಯಿತ ರಾಜಕೀಯ ಪಕ್ಷಕ್ಕೆ ಅಥವಾ ಚುನಾವಣಾ ಟ್ರಸ್ಟಿಗೆ, ನಗದಲ್ಲದ ರೂಪದಲ್ಲಿ ಕೊಟ್ಟಾಗ ಮಾತ್ರ. ಪಕ್ಷೇತರ ಅಭ್ಯರ್ಥಿಗೆ ಚೆಕ್ಕಿನ ಮೂಲಕವೇ ಕೊಟ್ಟರೂ ಒಂದು ರೂಪಾಯಿ ಕಡಿತವಿಲ್ಲ. ಹೊಸ ತೆರಿಗೆ ಪದ್ಧತಿಯನ್ನು ಅನುಸರಿಸುವವರಿಗೆ ಪಕ್ಷಕ್ಕೆ ಕೊಟ್ಟಾಗಲೂ ಇಲ್ಲ. ಇಂತಹ ದೇಣಿಗೆಯನ್ನು ಬಂಡವಾಳ ಖಾತೆಗೆ ಖರ್ಚು ಬರೆಯಬೇಕೇ ಹೊರತು ಸಾದಿಲ್ವಾರು ವೆಚ್ಚದಲ್ಲಿ ಅಡಗಿಸುವಂತಿಲ್ಲ. ಪಕ್ಷದ ಸ್ಮರಣ ಸಂಚಿಕೆಗೆ ಕೊಟ್ಟ ಜಾಹೀರಾತನ್ನೂ 37ನೆಯ ಕಲಂ ವ್ಯಾಪಾರ ವೆಚ್ಚವೆಂದು ಒಪ್ಪುವುದಿಲ್ಲ.

ಪಡೆಯುವವರ ಕಡೆಯಿಂದಲೂ ಒಂದು ತೊಡಕಿದೆ. ಪಕ್ಷದ ಆದಾಯಕ್ಕೆ 13ಎ ಕಲಮಿನ ವಿನಾಯಿತಿ ಉಂಟು. ವ್ಯಕ್ತಿಗೆ ಇಲ್ಲ. ಬಂಧುಗಳಲ್ಲದವರಿಂದ ಒಂದು ವರ್ಷದಲ್ಲಿ ಒಟ್ಟು 50,000 ರೂಪಾಯಿಗಿಂತ ಹೆಚ್ಚಿನ ಹಣ ಪ್ರತಿಫಲವಿಲ್ಲದೆ ಬಂದರೆ 56ನೆಯ ಕಲಮಿನ ಅಕ್ಷರಾರ್ಥದಂತೆ ಆ ಪೂರ್ಣ ಮೊತ್ತ ತೆರಿಗೆಗೆ ಒಳಪಡುತ್ತದೆ. ಜನರು ನೂರು ಇನ್ನೂರು ಕೊಟ್ಟು ಕೂಡಿಸಿದ ಐದು ಲಕ್ಷವನ್ನು ಪಕ್ಷೇತರನು ವಿವರಿಸಬೇಕಾದ ಪರಿಸ್ಥಿತಿ ಬರಬಹುದು. ಮಾನ್ಯತೆಯಿಲ್ಲದಿದ್ದರೂ ನೋಂದಾಯಿತವಾದ ಸಣ್ಣ ಪಕ್ಷದ ಮೂಲಕ ಸ್ಪರ್ಧಿಸುವುದರ ನಿಜವಾದ ಅನುಕೂಲ ಇದು. ಅಂತಹ ಪಕ್ಷಕ್ಕೆ ಕೊಟ್ಟ ದೇಣಿಗೆಗೆ ಕಡಿತವೂ ಉಂಟು, ಪಕ್ಷ ನಿಯಮ ಪಾಲಿಸಿದರೆ ವಿನಾಯಿತಿಯೂ ಉಂಟು.

ಆದರೆ ಇದೇ ಬಾಗಿಲಿನಿಂದ ವಂಚಕರೂ ನುಗ್ಗಿದ್ದಾರೆ. ಚೆಕ್ಕು ಪಡೆದು, ಕಮಿಷನ್ ಕಳೆದು, ಉಳಿದದ್ದನ್ನು ನಗದಾಗಿ ಹಿಂದಿರುಗಿಸುವ ಹೆಸರಿನ ಪಕ್ಷಗಳ ಮೇಲೆ ಆದಾಯ ತೆರಿಗೆ ಇಲಾಖೆ 2022ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಶೋಧ ನಡೆಸಿತು. 2025ರ ಆಗಸ್ಟಿನಲ್ಲಿ 334, ಸೆಪ್ಟೆಂಬರಿನಲ್ಲಿ 474 ಪಕ್ಷಗಳನ್ನು ಚುನಾವಣಾ ಆಯೋಗ ತನ್ನ ಪಟ್ಟಿಯಿಂದ ತೆಗೆದುಹಾಕಿತು. ಆರು ವರ್ಷಗಳಿಂದ ಅವು ಯಾವ ಚುನಾವಣೆಯಲ್ಲಿಯೂ ಸ್ಪರ್ಧಿಸಿರಲಿಲ್ಲ. ದೇಣಿಗೆ ಕೊಡುವ ಮೊದಲು ಪಕ್ಷದ ಹೆಸರು ಪಟ್ಟಿಯಲ್ಲಿದೆಯೇ, ಅದರ ಅಭ್ಯರ್ಥಿ ನಿಜವಾಗಿ ಕಣದಲ್ಲಿದ್ದಾರೆಯೇ ಎಂದು ನೋಡಿಕೊಳ್ಳುವುದು ಕಷ್ಟವಲ್ಲ.

ಖಾಸಗಿ ನಿಯಮಿತ ಕಂಪನಿಗಳ ನಿರ್ದೇಶಕರು ಮತ್ತಷ್ಟು ಎಚ್ಚರ ವಹಿಸಬೇಕು. 2013ರ ಕಂಪನಿ ಕಾಯಿದೆಯ 182ನೆಯ ಕಲಂ ರಾಜಕೀಯ ಪಕ್ಷಕ್ಕೆ ದೇಣಿಗೆ ಕೊಡಲು ಅವಕಾಶ ನೀಡುತ್ತದೆ. ಪಕ್ಷೇತರ ಅಭ್ಯರ್ಥಿಯನ್ನು ಅದು ಹೆಸರಿಸುವುದಿಲ್ಲ. ಕಂಪನಿಗೆ ಮೂರು ವರ್ಷ ತುಂಬಿರಬೇಕು, ಮಂಡಳಿಯ ನಿರ್ಣಯವಿರಬೇಕು. ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 7.5ರ ಮಿತಿಯನ್ನು 2017ರಲ್ಲಿ ತೆಗೆದುಹಾಕಲಾಗಿತ್ತು. 2024ರ ಫೆಬ್ರವರಿ 15ರಂದು ಚುನಾವಣಾ ಬಾಂಡುಗಳನ್ನು ರದ್ದುಪಡಿಸಿದ ತೀರ್ಪಿನಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಆ ಮಿತಿ ತೆಗೆದದ್ದೂ ಸಂವಿಧಾನಬಾಹಿರವೆಂದಿತು. ಉಲ್ಲಂಘನೆಗೆ ಕಂಪನಿಗೆ ದೇಣಿಗೆಯ ಐದು ಪಟ್ಟಿನವರೆಗೆ ದಂಡ, ಹೊಣೆಗಾರ ಅಧಿಕಾರಿಗೆ ಆರು ತಿಂಗಳವರೆಗೆ ಸೆರೆವಾಸ ಮತ್ತು ದಂಡ. ಹೋರಾಟಗಾರ ಮಿತ್ರನಿಗೆ ಕೊಡುವುದಿದ್ದರೆ ನಿರ್ದೇಶಕರು ತಮ್ಮ ಸ್ವಂತ ಖಾತೆಯಿಂದ ಕೊಡುವುದೇ ಲೇಸು.

ಅಭ್ಯರ್ಥಿಯೇ ನಡೆಸುತ್ತಿರುವ ಸೇವಾ ಸಂಸ್ಥೆಯ ಹಣ ಚುನಾವಣೆಗೆ ಸೋರದಂತೆಯೂ ನೋಡಿಕೊಳ್ಳಬೇಕು. 80ಜಿ ರಸೀದಿ ಪಡೆದು ಸಂಸ್ಥೆಗೆ ಕೊಟ್ಟ ದೇಣಿಗೆ ಪ್ರಚಾರಕ್ಕೆ ಬಳಕೆಯಾದರೆ ಸಂಸ್ಥೆಯ ನೋಂದಣಿಗೇ ಕುತ್ತು. ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯ 3ನೆಯ ಕಲಮಿನಂತೆ ಅಭ್ಯರ್ಥಿಯು ವಿದೇಶಿ ವಂತಿಗೆ ಪಡೆಯುವಂತಿಲ್ಲ. ಅಮೆರಿಕೆಯಲ್ಲಿರುವ ಊರಿನ ಹುಡುಗ ಭಾರತೀಯ ಪಾಸ್‌ಪೋರ್ಟು ಉಳಿಸಿಕೊಂಡಿದ್ದು ತನ್ನ ಸಂಪಾದನೆಯನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅಡ್ಡಿಯಿಲ್ಲ. ಅಲ್ಲಿಯ ಪೌರತ್ವ ಪಡೆದಿದ್ದರೆ ಅದೇ ಹಣ ವಿದೇಶಿ ವಂತಿಗೆಯಾಗುತ್ತದೆ.

ಚುನಾವಣೆಯ ಕಾಲದಲ್ಲಿ ನಗದು ಸಾಗಿಸುವ ವರ್ತಕರಿಗೂ ಒಂದು ಮಾತು. ಅಭ್ಯರ್ಥಿ, ಅವರ ಏಜೆಂಟ್ ಅಥವಾ ಪಕ್ಷದ ಕಾರ್ಯಕರ್ತರಿರುವ ವಾಹನದಲ್ಲಿ 50,000 ರೂಪಾಯಿಗಿಂತ ಹೆಚ್ಚು ನಗದು ಸಿಕ್ಕಿದರೆ ತಪಾಸಣಾ ತಂಡ ಜಪ್ತಿ ಮಾಡಬಹುದು. ವಾಹನದಲ್ಲಿ ಪ್ರಚಾರ ಸಾಮಗ್ರಿಯಿದ್ದರೂ ಅದೇ ಗತಿ. ಮಂಡಿಯಿಂದ ವಸೂಲಿ ತರುವ ವಾಹನದಲ್ಲಿ ಮಿತ್ರನ ಕರಪತ್ರದ ಕಟ್ಟನ್ನು ಹಾಕಿಕೊಂಡು ಬರಬಾರದು. ಜಪ್ತಿಯಾದರೆ ಬಿಲ್ಲು, ಬ್ಯಾಂಕ್ ಚೀಟಿ, ನಗದು ಪುಸ್ತಕದ ಪ್ರತಿಗಳೊಡನೆ ಜಿಲ್ಲೆಯ ಮೂವರು ಅಧಿಕಾರಿಗಳ ಸಮಿತಿಯ ಮುಂದೆ ಹೋಗಬಹುದು. ದೂರು ದಾಖಲಾಗದಿದ್ದಲ್ಲಿ ಮತದಾನವಾಗಿ ಏಳು ದಿನಗಳ ಆಚೆಗೆ ಹಣವನ್ನು ಇಟ್ಟುಕೊಳ್ಳುವಂತಿಲ್ಲ.

ಅಭ್ಯರ್ಥಿಯು ಲೆಕ್ಕ ಸಲ್ಲಿಸಿದ ಮೇಲೆ ಅದು ಗುಟ್ಟಿನ ಕಾಗದವಾಗಿ ಉಳಿಯುವುದಿಲ್ಲ. 1961ರ ಚುನಾವಣಾ ನಡವಳಿ ನಿಯಮಗಳ 88ನೆಯ ನಿಯಮದಂತೆ ಯಾರು ಬೇಕಾದರೂ ಜಿಲ್ಲಾ ಚುನಾವಣಾಧಿಕಾರಿಯ ಕಚೇರಿಯಲ್ಲಿ ಒಂದು ರೂಪಾಯಿ ಶುಲ್ಕ ಕೊಟ್ಟು ಅದನ್ನು ನೋಡಬಹುದು, ನಿಗದಿತ ಶುಲ್ಕ ಕೊಟ್ಟು ದೃಢೀಕೃತ ಪ್ರತಿ ಪಡೆಯಬಹುದು. ದೇಣಿಗೆ ಕೊಟ್ಟ ವರ್ತಕರು ತಮ್ಮ ಪುಸ್ತಕದ ಮೊತ್ತವೂ ಅಭ್ಯರ್ಥಿಯ ಪುಸ್ತಕದ ಮೊತ್ತವೂ ತಾಳೆಯಾಗುತ್ತವೆಯೇ ಎಂದು ಆ ಮೂವತ್ತು ದಿನಗಳು ಮುಗಿದ ಮೇಲೆ ಒಮ್ಮೆ ಹೋಗಿ ನೋಡಿಬರಬಹುದು.